ಮಣ್ಣಿನಡಿ ಬಾಗಿದ ಬಳ್ಳಿ

ಫೆಬ್ರವರಿ 3, 1884. ಭಾನುವಾರ

ಈ ಸುದ್ದಿ ಮೊದಲು ಹೇಳಿದವಳು ಕಿತೇರಿಯಾ ಅಕ್ಕ. ಇವತ್ತೇ, ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳು. ನಾನು ಕುಂಚ ತೊಳೆಯುತ್ತಿದ್ದೆ.

"ದೊಡ್ಡಮನೆಗೆ ಕ್ಲಿಮೆಂತ್ ಅಂತ ಹೊಸ ಪಾರುಪತ್ಯಗಾರ ಬಂದವ್ನಲ್ಲ. ನಿನ್ನ ಚಿತ್ರದ ಮುಂದೆ ಕುರ್ಚಿ ಹಾಕ್ಕೊಂಡು ಕೂತವ್ನಂತೆ ಕಣೋ. ಎರಡು ದಿನದಿಂದ."

"ಒಳ್ಳೇದೇ ಆಯ್ತಲ್ಲ. ಈ ಸೀಮೇಲಿ ಚಿತ್ರ ನೋಡೋನು ಒಬ್ಬನಾದ್ರೂ ಸಿಕ್ದ."

"ಚಿತ್ರ ನೋಡ್ತಿಲ್ಲ. ಬಳ್ಳಿ ನೋಡ್ತವ್ನೆ."

ಕುಂಚ ಕೆಳಗಿಟ್ಟೆ.

ಕಳೆದ ಚಳಿಗಾಲದ ಚಿತ್ರ ಅದು. ದೊಡ್ಡಮನೆಯ ಧಣಿ ಮುಂತಾಲ್ ತಮ್ಮ ಊಟದ ಕೋಣೆಗೆ ಹಳ್ಳಿಯ ಬದುಕಿನ ಚಿತ್ರ ಬೇಕೆಂದಿದ್ದರು. ಬೆನೆಟ್ ಭಾವ ಅವರಿಂದ ಗೇಣಿಗೆ ಹಿಡಿದಿರುವ ದ್ರಾಕ್ಷಿ ತೋಟಕ್ಕೆ ಹೋಗಿ ಕೂತೆ. ಕಂಡದ್ದನ್ನೇ ಬರೆದೆ. ಕಾಣದ್ದನ್ನು ಬರೆಯುವವನಲ್ಲ ನಾನು... ಬಾರ್ಸಿಲೋನಾದಲ್ಲಿ ಕೋಣೆಯೊಳಗೆ ಕೂತು ಹಸು ಬರೆಯುವವರನ್ನು ನೋಡಿ ನಕ್ಕು ಬಂದವನು. ಅಕ್ಕ ಏನು ಮಾಡುತ್ತಿದ್ದಳೋ ಅದನ್ನೇ ಬರೆದೆ. ಮುದಿ ಬಳ್ಳಿಯ ಕೊಂಬೆಯನ್ನು ಬಗ್ಗಿಸಿ, ಪಕ್ಕದ ಖಾಲಿ ಜಾಗದಲ್ಲಿ ತೋಡಿದ ಕುಳಿಯಲ್ಲಿ ಹೂಳುತ್ತಿದ್ದಳು. ಒದ್ದೆ ಮಣ್ಣಿನ ಮೇಲೆ ಬೆಳಕು. ಇಡೀ ಚಿತ್ರದಲ್ಲಿ ಅಷ್ಟೇ ಭಾಗ ಉಸಿರಾಡುತ್ತದೆ.

ಹೂತ ಕೊಂಬೆ ಬೇರು ಬಿಟ್ಟು ಹೊಸ ಬಳ್ಳಿಯಾಗಿ ಏಳುತ್ತದೆ. ಗೇಣಿದಾರರೆಲ್ಲರೂ ಮಾಡುವ ಕೆಲಸ. ಯಾರೂ ಬಾಯಿ ಬಿಡದ ಕೆಲಸ. ನಾನು ಅದಕ್ಕೆ ಚೌಕಟ್ಟು ಹಾಕಿ ಧಣಿಯ ಗೋಡೆಗೇ ತೂಗುಹಾಕಿ ಬಂದೆ.

ಧಣಿಗೆ ವರ್ಷವಿಡೀ ಕಾಣಲಿಲ್ಲ. ಕ್ಲಿಮೆಂತ್ ದ್ರಾಕ್ಷಿ ತೋಟದವರ ಮನೆಯಲ್ಲಿ ಹುಟ್ಟಿದವನು.

ಫೆಬ್ರವರಿ 5

ಅಕ್ಕನ ಮನೆ. ಕ್ಲಿಮೆಂತ್ ಬೆಳಿಗ್ಗೆ ತೋಟಕ್ಕೆ ಬಂದು ಕರಾರು ಓದಿಹೋದನಂತೆ. ಭಾವನಿಗೆ ಓದಲು ಬಾರದು, ಆದರೆ ಅಪ್ಪನ ಕಾಲದ ಆ ಸಾಲು ಬಾಯಿಪಾಠ.

"ಬಳ್ಳಿ ಬದುಕಿರೋ ತನಕ ನೆಲ ನಿಂದು. ಕೊಂಬೆ ಹೂತು ಮುದಿಬಳ್ಳಿಗೆ ಮರುಹುಟ್ಟು ಕೊಟ್ರೆ ಕರಾರು ಮುರೀತು, ನೆಲ ಧಣಿಗೆ. ಸಸಿ ತಂದು ನೆಡಬಹುದಂತೆ. ಹಳೇ ಬೇರಿನ ಮಧ್ಯೆ ಸಸಿ ಎಲ್ಲಿ ಹಿಡೀತದೆ? ಕರಾರು ಬರೆದೋನಿಗೆ ಗೊತ್ತಿತ್ತು ಬಿಡು."

ಬೆಳ್ಳುಳ್ಳಿ ಉಜ್ಜಿದ ರೊಟ್ಟಿ ಯಾರೂ ಮುಟ್ಟಲಿಲ್ಲ.

"ಬಾವಮೈದ, ಚಿತ್ರದಲ್ಲಿ ನನ್ನ ಮೂಗು ದೊಡ್ಡದಾಯ್ತು ಅಂತ ನಿನ್ನ ಜೊತೆ ಎಷ್ಟು ಜಗಳ ಆಡ್ದೆ ನಾನು. ಮೂಗಿನ ಕಡೇನೇ ನೋಡ್ತಾ ಕೂತು ಕುಳಿ ಕಡೆ ನೋಡ್ಲೇ ಇಲ್ಲ."

ನಗಬೇಕಿತ್ತು. ಆಗಲಿಲ್ಲ.

ಫೆಬ್ರವರಿ 12. ಬೆಳಿಗ್ಗೆ 11

ದೊಡ್ಡಮನೆಯಿಂದ ಈಗಷ್ಟೇ ಬಂದೆ.

ಎಣ್ಣೆಬಣ್ಣ ಪೂರ್ತಿ ಒಣಗಲು ವರ್ಷ ಬೇಕು. ಆಮೇಲೆ ವಾರ್ನಿಷ್. ಒಳ್ಳೆಯ ನೆಪ. ಜೇಬಿನಲ್ಲಿ ಬೆರಳುದ್ದ ಮಣ್ಣುಬಣ್ಣ ಇಟ್ಟುಕೊಂಡು ಹೋಗಿದ್ದೆ. ಎರಡು ಎಳೆತ ಸಾಕು, ಕೊಂಬೆ ಮಾಯ.

ಕ್ಲಿಮೆಂತ್ ಕುರ್ಚಿ ತಂದು ಪಕ್ಕದಲ್ಲೇ ಕೂತ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಹುರಿದ ಹೇಜಲ್ ಕಾಯಿ ಒಡೆಯುತ್ತ —

"ಅಕ್ಕನ ಕೈ ಕೆಳಗೆ ಬಾಗಿರೋದು ಏನು, ಮೇಷ್ಟ್ರೇ?"

"ಬೆಳಕು."

"ಓಹೋ. ನಮ್ಮೂರ ಬೆಳಕಿಗೆ ಗೆಣ್ಣು ಇರ್ಲಿಲ್ಲಪ್ಪ."

ಒಂದೊಂದೇ ಕಾಯಿ ಒಡೆದು ನನಗೂ ಕೊಟ್ಟ. ತಿಂದೆ! ಎದ್ದು ಹೋಗುತ್ತಾನೆಂದು ಕಾದೆ. ಹೋಗಲಿಲ್ಲ.

"ಹಚ್ಚಿ, ಹಚ್ಚಿ. ನಾನೇನು ನಿಮ್ಮ ಕೈ ಹಿಡಿದಿದೀನಾ?"

ವಾರ್ನಿಷ್ ಹಚ್ಚಿದೆ; ಮಣ್ಣುಬಣ್ಣ ಜೇಬಿನಲ್ಲೇ ಉಳಿಯಿತು. ಬಣ್ಣ ಮಂಕಾಗಿದ್ದ ಕಡೆಯೆಲ್ಲ ಕಣ್ಣು ತೆರೆಯಿತು. ಕೊಂಬೆಯ ಮೇಲೆ ಒಂದೊಂದು ಗೆಣ್ಣೂ ಎದ್ದು ನಿಂತಿತು. ಸಾಕ್ಷಿಗೆ ನಾನೇ ಹೊಳಪು ಕೊಟ್ಟು ಬಂದೆ.

ಫೆಬ್ರವರಿ 24

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವುದೇನು... ನ್ಯಾಯಾಧಿಕಾರಿಯಿಂದ ಕರೆ ಬಂದಿದೆ. ಮಂಗಳವಾರ ಬೆಳಿಗ್ಗೆ. ಕೇಳುವುದು ಒಂದೇ ಪ್ರಶ್ನೆ — ಬರೆದದ್ದು ಕಂಡದ್ದೋ?

ಅಕ್ಕ ಬಂದಿದ್ದಳು. ನಿಂತೇ ಮಾತಾಡಿದಳು.

"ಸುಳ್ಳು ಹೇಳು ಅಂತ ನಾನು ಕೇಳಾಕಿಲ್ಲ. ನೆಲ ಹೋದ್ರೆ ಸೀದಾ ನಿನ್ನ ಅಟ್ಟಕ್ಕೇ ಬರ್ತೀವಿ, ಅಷ್ಟೆ. ಬೆನೆಟ್ ಗೊರಕೆ ಹೊಡೀತಾನೆ, ನೋಡ್ಕೊ."

ಬಾಗಿಲು ದಾಟಿದ ಮೇಲೆ ಅತ್ತಳು. ಕೇಳಿಸಿತು.

ಫೆಬ್ರವರಿ 26. ಮಂಗಳವಾರ, ಮಧ್ಯಾಹ್ನ

ಪುರಭವನ. ಚಿತ್ರವನ್ನು ಕುರ್ಚಿಯ ಮೇಲೆ ಕೂರಿಸಿದ್ದರು, ಅದೂ ಒಬ್ಬ ಸಾಕ್ಷಿ ಎಂಬಂತೆ. ಬೆಂಚುಗಳ ಮೇಲೆ ಮೂವತ್ತು ಗೇಣಿದಾರರು.

ನ್ಯಾಯಾಧಿಕಾರಿ ಕೇಳಿದರು. ಕಂಡದ್ದೋ?

"ಇಲ್ಲ. ತಲೆಯಿಂದ ಬರೆದದ್ದು."

ಕ್ಲಿಮೆಂತ್ ಎದ್ದ. "ಕಾಣದ ಒಂದು ಎಲೇನೂ ಬರೆಯೋನಲ್ಲ ಅಂತ ಹೋಟ್ಲಲ್ಲಿ ಎಲ್ಲರ ಮುಂದೆ ಎದೆ ಬಡ್ಕೊಳ್ತೀರಂತಲ್ಲ?"

"ಅದು ಜಂಬ."

"ಹಂಗಾದ್ರೆ ಚಿತ್ರ ಸುಳ್ಳು?"

ಅಕ್ಕನ ಕಡೆ ನೋಡಲಿಲ್ಲ. "ಸುಳ್ಳು. ಆ ಮೂಲೆ ಖಾಲಿ ಕಾಣ್ತಿತ್ತು. ಏನೋ ಒಂದು ತುಂಬಿದೆ."

ಧಣಿ ಮುಂತಾಲ್ ಮೆಲ್ಲಗೆ ಹೇಳಿದರು, "ನಿಜದ್ದು ಅಂತ ಗೋಡೆಗೆ ಹಾಕಿದ್ದೆ, ಫೆರ್ರಿಯೋಲ್." ಬೈದಿದ್ದರೆ ಸುಲಭವಿತ್ತು. ಇನ್ನು ಈ ಸೀಮೆಯಲ್ಲಿ ನನ್ನಿಂದ ಚಿತ್ರ ಬರೆಸುವವರಿಲ್ಲ.

ಅಷ್ಟು ಕೊಟ್ಟು ಕೊಂಡದ್ದು ಒಂದೇ ದಿನ. ನ್ಯಾಯಾಧಿಕಾರಿ ಕನ್ನಡಕ ಒರೆಸುತ್ತ ಹೇಳಿದರು — "ಸರಿ, ನಾಳೆ ಹತ್ತು ಗಂಟೆಗೆ ತೋಟಕ್ಕೇ ಹೋಗೋಣ. ಚಿತ್ರವೂ ಬರಲಿ. ಮಣ್ಣು ಕೆದಕಿ ನೋಡೋಣ."

ಕೇಳಿದ ಮೂವತ್ತು ಮಂದಿ ಟೋಪಿ ಹಾಕಿಕೊಂಡು ಎದ್ದುಹೋದರು. ಒಬ್ಬನೂ ನನ್ನೊಡನೆ ಮಾತಾಡಲಿಲ್ಲ.

ಫೆಬ್ರವರಿ 27. ಬೂದಿ ಬುಧವಾರ, 9 ಗಂಟೆ

ತೋಟದ ಕಲ್ಲುಗೋಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ದಾರಿ ಕಾಯುವುದು ನನ್ನ ಪಾಲಿನ ಕೆಲಸ. ಚಾಕು ನನಗೆ ಕೊಡಲಿಲ್ಲ.

ಎಂಟಕ್ಕೆ ಬಂದರು. ನಿನ್ನೆ ಬೆಂಚಿನ ಮೇಲಿದ್ದವರೆಲ್ಲ. ಚರ್ಚಿನಿಂದ ನೇರ, ಪಾದ್ರಿ ಹಚ್ಚಿದ ಬೂದಿ ಹಣೆಯ ಮೇಲೆ ಹಾಗೇ ಇದೆ. ಎಲ್ಲರಿಗಿಂತ ಮುಂದೆ ಪಕ್ಕದ ತೋಟದ ಮುದುಕಿ ಇಲಾರಿಯಾ. ನೀರುಕಾಲುವೆಯ ಜಗಳದಲ್ಲಿ ಭಾವನೊಡನೆ ಹನ್ನೊಂದು ವರ್ಷ ಮಾತು ಬಿಟ್ಟವಳು.

"ಯಾಕ್ ಬಂದೆ?" ಎಂದ ಭಾವ.

"ನಿನ್ನ ಮುಖ ನೋಡೋಕಲ್ಲ. ಆ ಬಣ್ಣದವ್ನು ನಿನ್ನೆ ಊರ ಮುಂದೆ ತನ್ನ ಮೂಗು ತಾನೇ ಕುಯ್ಕೊಂಡ. ನಾವು ಕೈ ಕಟ್ಟಿ ಕೂರ್ಬೇಕಾ? ಸರಿ ಅತ್ಲಾಗೆ, ದಡ್ಡ."

ತಾಯಿಬಳ್ಳಿಗೂ ಮರಿಗೂ ನಡುವಿನ ಬಾಗಿದ ಕೊಂಬೆಯನ್ನು ಎರಡೂ ಕಡೆ ಕತ್ತರಿಸಿ, ಅಗೆದು ತೆಗೆದು, ಗಾಯಕ್ಕೆ ಕೆಸರು ಮೆತ್ತುವುದು. ಆಮೇಲೆ ಮರಿ ನೆಟ್ಟ ಸಸಿಯಂತೆಯೇ ಕಾಣುತ್ತದೆ. ಆದರೆ ಮೂರು ಚಳಿಗಾಲ ತಾಯಿಯ ಹಾಲು ಕುಡಿಯಬೇಕಾದವು. ಇವು ಕುಡಿದದ್ದು ಒಂದೇ. ಬದುಕುತ್ತವೋ ಇಲ್ಲವೋ ಬೇಸಿಗೆಯೇ ಹೇಳಬೇಕು. ಮೊದಲನೆಯದನ್ನು ಕತ್ತರಿಸುವಾಗ ಅಕ್ಕ ಅದಕ್ಕೆ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ.

ಒಟ್ಟು ಹತ್ತೊಂಬತ್ತು. ಹದಿನಾರು ಆಯಿತು. ಕೊಂಬೆಗಳು ಇಲಾರಿಯಾಳ ಬುಟ್ಟಿಯಲ್ಲಿ, ಮೇಲೆ ಗೊಬ್ಬರ.

ಹದಿನೇಳು. ಗಂಡಸರು ಮಣ್ಣು ಸಮ ಮಾಡುತ್ತಿದ್ದಾರೆ. ಯಾರೋ ಸೀನಿದರು, ಎಲ್ಲರೂ ಬೈದರು.

ಹದಿನೆಂಟು.

ಕೊನೆಯದು ಗಟ್ಟಿ. ಚಾಕು ಹೋಗುತ್ತಿಲ್ಲ. ಭಾವ ಗರಗಸಕ್ಕೆ ಓಡಿದ.

ಹೇಸರಗತ್ತೆಯ ಗಂಟೆ. ಹತ್ತಕ್ಕೆಂದವರು... ಇನ್ನೂ ಒಂಬತ್ತೂವರೆ. ತಿರುವಿನಲ್ಲಿ ಗಾಡಿ, ಹಿಂದೆ ಬಟ್ಟೆ ಸುತ್ತಿದ ನನ್ನ ಚಿತ್ರ, ಕ್ಲಿಮೆಂತ್ ಎದ್ದುನಿಂತು ಈ ಕಡೆಯೇ ನೋಡುತ್ತಿದ್ದಾನೆ. ಅಕ್ಕ ಮಂಡಿಯೂರಿ ಹಲ್ಲಿನಿಂದ ಕೊಂಬೆಯ ನಾರು —

ಇಳಿದು ಗಾಡಿಗೆ ಅಡ್ಡ ನಿಲ್ಲಬೇಕು. ಏನು ಹೇಳಲಿ? ಏನೋ ಒಂದು, ತಲೆಯಿಂದ