ಸೋಮವಾರದ ಅಳತೆ

ಹೆಡ್‌ಮೇಡಂ ಅವರಿಗೆ,

ಶಾಲೆಯ ಮಾಲಿಯ ನಮಸ್ಕಾರ.

ಆಟದ ಮೈದಾನವನ್ನು ಮಕ್ಕಳೂ ಬೀದಿಯವರೂ ಸೇರಿ ಗಿಡ ಬೆಳೆಸಲು ಕಲಿಯುವ ತೋಟ ಮಾಡೋಣ ಎಂದವರು ನೀವೇ. ಮೂರನೇ ತರಗತಿಯ ಮಕ್ಕಳು ಆಟ ಬಿಟ್ಟು ಬೀನ್ಸ್ ಬೀಜ ಊರಿದರು, ಕಣ್ಣಲ್ಲಿ ಕಣ್ಣಿಟ್ಟು ಕಾದರು. ನಿನ್ನೆ ತೋಟದ ಉದ್ಘಾಟನೆಗೆಂದು ಆ ಗೇಣುದ್ದದ ಸಸಿಗಳನ್ನೆಲ್ಲ ನನ್ನ ಕೈಯಿಂದಲೇ ಕೀಳಿಸಿ, ನರ್ಸರಿಯ ಬಾಡಿಗೆ ಗುಲಾಬಿಗಳನ್ನು ಕುಂಡದ ಸಮೇತ ಹೂಳಿಸಿದಿರಿ. ನಾನು ಬೇಡವೆಂದಾಗ, "ಫೋಟೋಗೆ ಚೆನ್ನಾಗಿ ಕಾಣ್ಬೇಕಲ್ಲಪ್ಪ, ಸುಮ್ನಿರು" ಅಂದಿರಿ. ಸಂಜೆ ನರ್ಸರಿ ಗಾಡಿ ಬಂದು ಗುಲಾಬಿಗಳನ್ನೂ ಎತ್ತಿಕೊಂಡು ಹೋಯಿತು. ಈಗ ಉಳಿದಿರುವುದು ಬರೀ ಗುಂಡಿ.

ಹೊಸ ಬೀಜ ತರಿಸಿಕೊಡಿ, ಊರುತ್ತೇನೆ. ಆದರೆ ಸೋಮವಾರ ಮಕ್ಕಳು ಎಂದಿನಂತೆ ಸಸಿ ಅಳೆಯಲು ಸ್ಕೇಲು ಹಿಡಿದು ಬರುತ್ತಾರೆ. ಆಗ ದಯವಿಟ್ಟು ನೀವೇ ಅಲ್ಲಿ ನಿಂತಿರಿ. ಏನನ್ನು ಅಳೆಯಬೇಕೆಂದು ಅವರಿಗೆ ಹೇಳುವುದು ನನ್ನಿಂದಾಗದು.

ಇಂತಿ,
ಸಸಿ ಕಿತ್ತ ಮಾಲಿ