ವಜ್ರಾಯಸದ ಕಂಬಿ

ಮಾರ್ಚ್ 4, ಬೆಳಿಗ್ಗೆ 10
ಬೆಳ್ಳಿ ಬಣ್ಣದ ಎರಡನೇ ಕೋಟ್ ಒಣಗುತ್ತಿದೆ. ಒಳಗೆ ಥರ್ಮೋಕೋಲ್, ಮೇಲೆ ತೆಳು ಫೈಬರ್. ಸೆಟ್ಟಿಗೆಂದು ನಾನು ಮಾಡಿದ ಹದಿನಾಲ್ಕು ಅಡಿ ಕಂಬಿ, ಒಂದೇ ಕೈಯಲ್ಲಿ ಎತ್ತಬಹುದು. ಸಿನಿಮಾದಲ್ಲಿ ಇದು ವಜ್ರಾಯಸ... ಶಾಖಕ್ಕೆ ಕರಗದು, ಭಾರಕ್ಕೆ ಬಾಗದು. ನೌಕೆ ಸೂರ್ಯನ ಹತ್ತಿರ ಹೋಗಿಯೂ ಯಾಕೆ ಸುಡಲಿಲ್ಲ ಎಂದು ಯಾರೋ ಕೇಳಿದರಂತೆ. ಕಥೆಗಾರರು ಕಾಫಿ ಮುಗಿಸುವಷ್ಟರಲ್ಲಿ ಹುಟ್ಟಿಸಿದ ಲೋಹ.

ಮಾರ್ಚ್ 5
ತಮ್ಮ ಹನ್ನೊಂದು ವರ್ಷದಿಂದ ನಾಯಕರ ಡೂಪ್. ಬಿದ್ದಿದ್ದೆಲ್ಲ ಇವನು, ಎದ್ದು ನಿಂತಿದ್ದೆಲ್ಲ ಅವರು. ಈ ಸಲ ಇವನಿಗೇ ಒಂದು ಪಾತ್ರ. ಗಾಯಗೊಂಡ ಎಂಜಿನಿಯರ್, ಕಂಬಿಗೆ ಜೋತುಬೀಳುತ್ತಾನೆ. ಕ್ಲೋಸಪ್. ಅಮ್ಮ ಬೀದಿಗೆಲ್ಲ ಸಾರಿದ್ದಾಳೆ.

ಮಾರ್ಚ್ 9
ತಮ್ಮನ ಸೊಂಟಕ್ಕೆ ಕಟ್ಟುವ ಹಗ್ಗ ಕ್ಯಾಮೆರಾಗೆ ಕಾಣುತ್ತದಂತೆ. ಕಂಬಿಗೇ ಜೋತುಬೀಳಲಿ ಎಂದರು ನಿರ್ದೇಶಕರು. ಇಪ್ಪತ್ತು ಅಡಿ ಎತ್ತರ.
“ಒಳಗೆ ಕಬ್ಬಿಣದ ಪೈಪ್ ಕೂರಿಸ್ಬೇಕು ಸರ್. ಮೂರು ದಿನ ಕೊಡಿ.”
“ನಾಳೆ ಬಿಟ್ರೆ ಸೆಟ್ ಇರಲ್ಲ. ವಜ್ರಾಯಸ ಮುರಿಯುತ್ತೇನಮ್ಮಾ?”
ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡೆ. ಅಲ್ಲ.
ತಮ್ಮನಿಗೆ ಹೇಳಿದೆ. “ಅಕ್ಕಾ, ಅಡ್ಡಗಾಲು ಹಾಕ್ಬೇಡ. ಎರಡು ಸೆಕೆಂಡು ಹಿಡ್ಕೊಂಡ್ರೆ ಸಾಕು” ಎಂದ.

ಮಾರ್ಚ್ 10, ಬೆಳಿಗ್ಗೆ 6
ಯಾರೂ ಬಂದಿರಲಿಲ್ಲ. ಗರಗಸ ಹಿಡಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಎರಡು ತುಂಡು. ಬೇರೆ ಯಾರ ತಲೆಗೂ ಬರದಿರಲಿ ಎಂದು ಪಕ್ಕದಲ್ಲೇ ಕೂತಿದ್ದೇನೆ.

ಅದೇ ದಿನ, 11
ನಿರ್ದೇಶಕರು ಕೂಗಾಡಿದರು. ಕಥೆಗಾರರು ತುಂಡುಗಳನ್ನು ನೋಡಿ, “ಬಿಡಿ ಸರ್. ಬಾಹ್ಯಾಕಾಶದ ಚಳಿಗೆ ವಜ್ರಾಯಸ ಬಿರಿಯುತ್ತೆ ಅಂತ ಒಂದು ಸಾಲು ಸೇರಿಸ್ತೀನಿ. ಎಂಜಿನಿಯರ್ ಮೊದಲೇ ಸತ್ತಿರ್ತಾನೆ” ಎಂದರು.
ಅಷ್ಟೇ. ಆ ಒಂದು ಸಾಲಿನಲ್ಲಿ ತಮ್ಮನ ಪಾತ್ರ ಹೋಯಿತು. ನಾಳೆಯಿಂದ ನಾನೂ ಬರಬೇಕಿಲ್ಲ.

ಮಾರ್ಚ್ 27
ತಮ್ಮ ಮಾತು ಬಿಟ್ಟು ಹದಿನೇಳು ದಿನ. ಒಂದೇ ಮೇಜಿನಲ್ಲಿ ಊಟ. “ಉಪ್ಪು ಕೊಡ್ಬೇಕಂತೆ” ಎಂದು ನಡುವೆ ಅಮ್ಮನ ರಾಯಭಾರ.

ಏಪ್ರಿಲ್ 2, ಮಧ್ಯಾಹ್ನ
ತಮ್ಮ ಬಾಗಿಲಲ್ಲಿ ಬಂದು ನಿಂತ. ಸ್ಟುಡಿಯೋ ಗೋಡೌನಿನಲ್ಲಿ ಕಂಬಿಯ ಒಂದು ತುಂಡು ಸಿಕ್ಕಿತಂತೆ. ಎರಡು ಡಬ್ಬದ ಮೇಲಿಟ್ಟು ಜೋತುಬಿದ್ದು ನೋಡಿದನಂತೆ. ಮೊಣಕೈ ತರಚಿತ್ತು.
“ಎಷ್ಟೊತ್ತು ತಡೀತು?”
“ಎಣಿಸೋಕೆ ಶುರು ಮಾಡೋದ್ರೊಳಗೆ ನೆಲದ ಮೇಲೆ ಕೂತಿದ್ದೆ.”
ಹೋಗಲಿಲ್ಲ. ಮಂಚದ ತುದಿಯಲ್ಲಿ ಕೂತ. “ನೀನು ಮಾಡಿದ್ದು ಸರಿ. ಆದ್ರೂ ನನ್ನ ಕೇಳಿ ಮಾಡ್ಬೇಕಿತ್ತು ಅಕ್ಕಾ” ಎಂದ.
ಕೇಳಿದ್ದರೆ ಬೇಡ ಎನ್ನುತ್ತಿದ್ದ. ಹಾಗಂತ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ತರಚಿದ ಮೊಣಕೈ ನನ್ನ ಮುಂದೆ ಚಾಚಿ, “ಮುಲಾಮು ಇದ್ರೆ ಹಚ್ಚು ಅಕ್ಕಾ” ಎಂದ.