ಜಡೆ ಹಾಕಿದ್ದು ಯಾರು

ಕೆಂಗೇರಿ
ಗುರುವಾರ

ಅತ್ತೆಯವರಿಗೆ ಶರಣು.

ಇಂಪನಾ ಅಪ್ಪನ ಹತ್ರಾನೇ ಇರಲಿ ಅಂತ ತೀರ್ಪಾಯ್ತಲ್ಲ, ನಿಮ್ಮ ಮಗ ಕೋರ್ಟ್ ಮೆಟ್ಟಿಲ ಮೇಲೆ ನಿಂತು ಸೆಲ್ಫಿ ತಗೊಂಡ್ರು. ನಿಜವಾಗಿ ಕೇಸು ಗೆದ್ದಿದ್ದು ನೀವು. ಜಡ್ಜ್ ಅವಳೊಬ್ಬಳನ್ನೇ ಒಳಗೆ ಕರೆದು, ಜಡೆ ಯಾರು ಹಾಕ್ತಾರೆ, ಊಟ ಯಾರು ಬಡಿಸ್ತಾರೆ ಅಂತ ಕೇಳಿದ್ರಂತೆ. ಮಗು ಇದ್ದಿದ್ದನ್ನೇ ಹೇಳಿದೆ, ಎಲ್ಲದಕ್ಕೂ ಅಜ್ಜಿ ಅಂತ. ಅದನ್ನ ನಿಮ್ಮ ಮಗನ ಲೆಕ್ಕಕ್ಕೆ ಹಾಕಿದ್ರು.

ಸಂಬಳ ಇಲ್ದಿದ್ರೆ ಕೋರ್ಟು ಮಗು ಕೊಡಲ್ಲ ಅಂತ ವಕೀಲರು ಹೇಳಿದ್ದಕ್ಕೇ ನಾನು ಕೆಲಸಕ್ಕೆ ಸೇರಿದ್ದು. ಈಗ ತಾಯಿ ರಾತ್ರಿವರೆಗೂ ಆಫೀಸಲ್ಲಿರ್ತಾಳೆ ಅಂತ ತೀರ್ಪಲ್ಲಿದೆ. ನಿಮ್ಮ ಮಗನೂ ಮನೆಗೆ ಬರೋದು ರಾತ್ರೀನೇ. ಅದು ಯಾರ ಕಣ್ಣಿಗೂ ಬೀಳಲಿಲ್ಲ, ಮನೇಲಿ ನೀವಿದ್ರಲ್ಲ.

ಬದನೆಕಾಯಿ ತಿಂದ್ರೆ ಅವಳಿಗೆ ಮೈ ಕಡಿಯತ್ತೆ. ನಿಮಗೆ ಗೊತ್ತು, ನಿಮ್ಮ ಮಗನಿಗೂ ಒಂದ್ಸಲ ಹೇಳಿಡಿ. ಶನಿವಾರ ನನ್ನ ಸರದಿ, ವಿಜಯನಗರ ಮೆಟ್ರೋ ಹತ್ರ ನೀವೇ ಕರ್ಕೊಂಡು ಬನ್ನಿ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಮೇಲಿನ ಪ್ರೀತಿಗಲ್ಲ ಹೇಳ್ತಿರೋದು. ನೀವು ಹಾಸಿಗೆ ಹಿಡಿದ ದಿನ ಆ ಮನೇಲಿ ನನ್ನ ಮಗಳಿಗೆ ಯಾರೂ ಇರಲ್ಲ.

ಇಂಪನಾಳ ತಾಯಿ,
ಹೇಮಶ್ರೀ